ಬೆರಳ ಸಂದಿಯ ನೋಟ

ಶಾಲೆಯ ಜಗುಲಿಯಲ್ಲಿ ಮಕ್ಕಳ ಕಣ್ಣಿನ ತಪಾಸಣೆ. ಗೋಡೆಯ ಮೇಲೆ ಅಕ್ಷರಗಳ ಫಲಕ. ಮಗುವೊಂದು ಆರು ಮೀಟರ್ ದೂರದಲ್ಲಿ ನಿಂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಸಾಲುಗಳನ್ನು ಸಲೀಸಾಗಿ ಓದುತ್ತದೆ. ಆಮೇಲೆ ಇನ್ನೊಂದು ಕಣ್ಣನ್ನು ಮುಚ್ಚುವ ಸರದಿ. ಈಗ ಆ ಪುಟ್ಟ ಬೆರಳುಗಳು ತಾವಾಗಿಯೇ ಸಡಿಲವಾಗುತ್ತವೆ. ಮುಚ್ಚಿದ ಕಣ್ಣು ಸಂದಿಯಿಂದ ಇಣುಕುತ್ತದೆ. ಸುತ್ತ ನಿಂತ ನಾವು ತುಂಟತನವೆಂದು ನಗುತ್ತೇವೆ. ಪರೀಕ್ಷಿಸುವವರು ನಗುವುದಿಲ್ಲ, ಅವರು ಆ ಮಗುವಿನ ಹೆಸರನ್ನು ಬೇರೆಯಾಗಿ ಬರೆದುಕೊಳ್ಳುತ್ತಾರೆ. ತೆರೆದಿಟ್ಟ ಕಣ್ಣಿಗೆ ಕಾಣುತ್ತಿಲ್ಲವೆಂಬುದನ್ನು ಮಾತು ಹೇಳಲಿಲ್ಲ, ಬೆರಳು ಹೇಳಿತು.

ಮಗು ಬಾಯಿಬಿಟ್ಟು ಏಕೆ ಹೇಳುವುದಿಲ್ಲ? ಹೇಳಬೇಕಾದದ್ದು ಇದೆಯೆಂದೇ ಅದಕ್ಕೆ ತಿಳಿಯದು. ಹುಟ್ಟಿದಂದಿನಿಂದ ಕಂಡದ್ದೇ ಅದರ ಜಗತ್ತು. ಮರವೆಂದರೆ ಹಸಿರಿನ ಒಂದು ರಾಶಿಯೆಂದೇ ಬಲ್ಲ ಮಗು ಎಲೆಗಳಿಗಾಗಿ ಹಂಬಲಿಸುವುದಿಲ್ಲ. ಅಭಾವದ ಅರಿವಾಗಲು ಭಾವದ ಅನುಭವ ಮೊದಲು ಬೇಕು. ಹಿರಿಯರಾದ ನಮ್ಮ ಸ್ಥಿತಿಯೂ ಇದಕ್ಕಿಂತ ತೀರ ಭಿನ್ನವಲ್ಲ. ನಮಗೆ ಕಾಣುವಷ್ಟನ್ನೇ ಸಮಗ್ರವೆಂದು ನಂಬಿ ನಾವು ಬದುಕುತ್ತೇವೆ. ಕಾಣದ್ದು ಎಷ್ಟಿದೆಯೆಂಬುದು ಮತ್ತೊಬ್ಬರು ತೋರಿಸಿಕೊಟ್ಟಾಗಲೇ ತಿಳಿಯುತ್ತದೆ. ವ್ಯತ್ಯಾಸವಿಷ್ಟೆ: ನಾವು ಕೇಳಿ ತಿಳಿಯಬಲ್ಲೆವು; ಮೂರು ವರ್ಷದ ಮಗುವಿನ ಪರವಾಗಿ ಬೇರೆ ಯಾರಾದರೂ ಕೇಳಬೇಕು.

ಎರಡೂ ಕಣ್ಣು ಮಸುಕಾದರೆ ಮಗು ಎಡವುತ್ತದೆ, ಪುಸ್ತಕವನ್ನು ಮೂಗಿಗೆ ಹಿಡಿಯುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ. ಒಂದೇ ಕಣ್ಣು ಮಸುಕಾದಾಗ ಏನೂ ಗೊತ್ತಾಗುವುದಿಲ್ಲ. ಒಂದು ಕಣ್ಣಿನ ಚಿತ್ರ ಸ್ಪಷ್ಟ, ಇನ್ನೊಂದರದು ಅಸ್ಪಷ್ಟ. ಈ ಗೊಂದಲವನ್ನು ಸಹಿಸದ ಮಿದುಳು ಅಸ್ಪಷ್ಟವಾದುದನ್ನು ನಿರ್ಲಕ್ಷಿಸತೊಡಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬ ಚುರುಕಾಗಿದ್ದರೆ, ಎಲ್ಲ ಕೆಲಸವೂ ಅವನಿಗೇ ಹೋಗುತ್ತದೆ. ಇನ್ನೊಬ್ಬ ಮೂಲೆಯಲ್ಲಿ ಕುಳಿತು ಕ್ರಮೇಣ ಕೈಲಾಗದವನೇ ಆಗುತ್ತಾನೆ. ಯಾರೂ ಅವನನ್ನು ನೋಯಿಸಿಲ್ಲ, ಕರೆದಿಲ್ಲ ಅಷ್ಟೆ. ಕಣ್ಣಿನ ಈ ಸ್ಥಿತಿಗೆ ವೈದ್ಯರು ಅಂಬ್ಲಿಯೋಪಿಯಾ ಎನ್ನುತ್ತಾರೆ, ಮಂದದೃಷ್ಟಿ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟು, ಆಮೇಲೆ ತೆರೆದು ನೋಡಿದರು. ಕಣ್ಣು ಹೆಚ್ಚುಕಡಿಮೆ ನಿರ್ದುಷ್ಟವಾಗಿಯೇ ಇತ್ತು. ಅದರ ಸಂದೇಶಕ್ಕೆ ಓಗೊಡುವ ಜೀವಕೋಶಗಳು ಮಿದುಳಿನಲ್ಲಿ ಬಹುತೇಕ ಉಳಿದಿರಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿಟ್ಟರೆ ಅಂಥ ಹಾನಿ ಆಗಲಿಲ್ಲ. ನೋಡುವುದನ್ನು ಮಿದುಳು ಕಲಿಯಬೇಕು, ಆ ಕಲಿಕೆಗೆ ಕಾಲವೊಂದಿದೆ ಎಂಬುದು ಹೀಗೆ ತಿಳಿಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಪುರಸ್ಕಾರ ಬಂತು.

ಮಂದದೃಷ್ಟಿಯ ಚಿಕಿತ್ಸೆಯನ್ನು ನೆನೆದಾಗಲೆಲ್ಲ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಮೊದಲು ಕನ್ನಡಕ. ಅದು ಸಾಲದಿದ್ದರೆ, ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ, ದಿನಕ್ಕೆ ಕೆಲವು ಗಂಟೆ. ಸಮರ್ಥವಾದುದನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ, ಸೋತದ್ದಕ್ಕೆ ಅವಕಾಶ ಕೊಡುವುದು. ಮಗು ಅಳುತ್ತದೆ, ಪಟ್ಟಿಯನ್ನು ಕಿತ್ತೆಸೆಯುತ್ತದೆ. ಕಾಣುತ್ತಿದ್ದುದನ್ನೂ ಕಸಿದುಕೊಂಡರೆಂದು ಅದಕ್ಕೆ ಅನ್ನಿಸಿದರೆ ತಪ್ಪೇನು? ಅಮ್ಮನಿಗೂ ಆ ಗಂಟೆಗಳು ದೀರ್ಘ. ಆದರೂ ತಿಂಗಳುಗಳ ತಾಳ್ಮೆಗೆ ಫಲ ಸಿಗುತ್ತದೆ. ಏಳು ವರ್ಷದೊಳಗೆ ಆ ಫಲ ಅಧಿಕ. ಅನಂತರವೂ ಒಂದಿಷ್ಟು ಸಾಧ್ಯ, ಆದರೆ ದಾರಿ ಕಠಿಣವಾಗುತ್ತ ಹೋಗುತ್ತದೆ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೂರರಿಂದ ಐದರ ನಡುವೆ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಕೆಲವರು ಶೃಂಗೇರಿಯ ಶಾರದೆಯ ಸನ್ನಿಧಿಗೆ ಹೋಗುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು, ಮೊದಲ ಅಕ್ಷರವನ್ನು ತಿದ್ದಿಸುತ್ತಾರೆ. ಪವಿತ್ರವಾದ ಗಳಿಗೆ ಅದು. ಬೆರಳನ್ನು ನಡೆಸುವುದು ನಮ್ಮ ಕೈ. ಆ ಅಕ್ಷರ ಮಗುವಿನ ಎರಡು ಕಣ್ಣಿಗೂ ಸಮಾನವಾಗಿ ಕಂಡಿತೇ ಎಂದು ನಮಗೆ ತಿಳಿಯದು. ಮೊದಲ ಸಮಗ್ರ ನೇತ್ರಪರೀಕ್ಷೆಗೂ ಸರಿಯಾದ ವಯಸ್ಸು ಅದೇ. ಓದಲು ಕಲಿತ ಮೇಲೆ ತೋರಿಸಿದರಾಯಿತು ಎಂದುಕೊಳ್ಳುತ್ತೇವೆ. ಅಷ್ಟು ಕಾಯಬೇಕಿಲ್ಲ. ಕಣ್ಣಿಗೆ ಹನಿ ಹಾಕಿ, ಬೆಳಕು ಹಾಯಿಸಿ, ಮಗು ಒಂದು ಮಾತೂ ಆಡದೆಯೇ ವೈದ್ಯರು ಅದರ ದೋಷವನ್ನು ಅಳೆಯಬಲ್ಲರು.

ಮಂದದೃಷ್ಟಿಗೆ ದಾರಿಮಾಡಬಲ್ಲ ಮೆಳ್ಳೆಗಣ್ಣನ್ನೂ ಅದೃಷ್ಟದ ಲಕ್ಷಣವೆಂದು ಸಮಾಧಾನಪಡುತ್ತೇವೆ. ಬೆಳೆದಂತೆ ಸರಿಹೋಗುತ್ತದೆಂದು ಆಶಿಸುತ್ತೇವೆ. ಹೆಣ್ಣುಮಗುವಿನ ಮುಖಕ್ಕೆ ಕನ್ನಡಕವೆಂದರೆ ಮುಂದಿನ ಮದುವೆಯವರೆಗೂ ಚಿಂತೆ ಹರಿಯುತ್ತದೆ. ಇವೆಲ್ಲ ಪ್ರೀತಿಯಿಂದಲೇ ಹುಟ್ಟಿದ ಹಿಂಜರಿಕೆಗಳು. ಮಗುವಿನಲ್ಲಿ ಕೊರತೆ ಇದೆಯೆಂದು ಒಪ್ಪಲು ಯಾವ ಮನಸ್ಸಿಗೂ ಸುಲಭವಲ್ಲ. ಕಾಲ ಮಾತ್ರ ನಮ್ಮ ಮನಸ್ಸು ಮಾಗುವವರೆಗೆ ಕಾಯುವುದಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಬಾರಿ ಆರೋಗ್ಯ ತಪಾಸಣೆಯ ಏರ್ಪಾಡಿದೆ. ಕಣ್ಣೂ ಅದರಲ್ಲಿ ಸೇರಿದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸೋಣ. ಒಂದೊಂದು ಕಣ್ಣನ್ನೂ ಪ್ರತ್ಯೇಕವಾಗಿ ನೋಡಿದಿರಾ ಎಂದು ತಪಾಸಣೆ ಮಾಡಿದವರನ್ನು ವಿನಯದಿಂದ ಕೇಳೋಣ. ಕಣ್ಣಿನ ವೈದ್ಯರಿಗೆ ತೋರಿಸಿ ಎಂದು ಅವರು ಚೀಟಿ ಬರೆದುಕೊಟ್ಟರೆ, ಅದನ್ನು ಕಪಾಟಿನಲ್ಲಿ ಇಡದೆ ಆ ವಾರವೇ ಹೊರಡೋಣ.