ಕೊಟ್ಟವರ ಹೊಣೆ ಎಲ್ಲಿಯವರೆಗೆ?



ಉಚಿತವಾಗಿ ಕೊಟ್ಟವರು ಅದನ್ನು ಕೊನೆತನಕ ಕಾಯಬೇಕೆ?

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಏನು ಬಿಡಿಸಬೇಕೆಂದು ಹೇಳಿಕೊಡುವ ತಂತ್ರಾಂಶವೇ ಡ್ರೈವರ್. ಲಿನಕ್ಸಿನಲ್ಲಿ ಈ ಕೆಲಸದ ಬಹುಪಾಲು 'ಮೆಸಾ'ದ್ದು. 1993ರಲ್ಲಿ ಬ್ರಯಾನ್ ಪಾಲ್ ಎಂಬವರು ಬಿಡುವಿನ ವೇಳೆಯಲ್ಲಿ ಶುರುಮಾಡಿದ್ದು ಇದು. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ.

2021ರಲ್ಲಿ ಮೆಸಾದವರು, ಸುಮಾರು 20 ವರ್ಷ ಹಳೆಯ ಕೆಲವು ರೇಡಿಯಾನ್ ಕಾರ್ಡುಗಳೂ ಸೇರಿದಂತೆ, ಹಳೆಯ ಡ್ರೈವರುಗಳನ್ನು ಮುಖ್ಯ ಶಾಖೆಯಿಂದ ತೆಗೆದರು. ಹೊಸದಕ್ಕೆಂದು ಏನು ಬದಲಿಸಿದರೂ ಹಳೆಯದು ಕೆಟ್ಟಿತೇ ಎಂದು ನೋಡಬೇಕು. ಆ ಕಾರ್ಡಿಟ್ಟುಕೊಂಡು ಪರೀಕ್ಷಿಸುವವರೇ ವಿರಳ. ಅವರ ದಣಿವು ಸುಳ್ಳಲ್ಲ. ಆದರೆ ಹಳೆಯ ಯಂತ್ರ ಹೆಚ್ಚಾಗಿ ಯಾರ ಬಳಿ ಉಳಿದಿರುತ್ತದೆ? ಹೊಸದು ಕೊಳ್ಳಲಾಗದವರ ಬಳಿ. ಯಾರೋ ಬಳಸಿ ಕೊಟ್ಟ ಕಂಪ್ಯೂಟರಿನಲ್ಲೇ ಮಕ್ಕಳಿಗೆ ಕಲಿಸುವ ನನ್ನಂಥ ಮೇಷ್ಟರಿಗೆ ಇದು ಬರಿಯ ತರ್ಕವಲ್ಲ.

ತೆಗೆದರೂ ಅಳಿಸಲಿಲ್ಲ. 'ಆಂಬರ್' ಎಂಬ ಬೇರೆ ಶಾಖೆಯಲ್ಲಿ ಇಟ್ಟರು. ಹೊರೆ ಇಳಿಸಿದರು ನಿಜ, ಮತ್ತೊಬ್ಬರು ಎತ್ತಿಕೊಳ್ಳಬಹುದಾದ ಜಾಗದಲ್ಲಿ ಇಳಿಸಿದರು. ನನಗಿದು ನ್ಯಾಯವೆನಿಸುತ್ತದೆ. ಮೂಲ ಬರಹವನ್ನು ಬಚ್ಚಿಟ್ಟ ಕಂಪನಿ ಕೈಬಿಟ್ಟರೆ, ಕಾರ್ಡು ಗಟ್ಟಿಯಾಗಿದ್ದರೂ ಅದರ ಡ್ರೈವರನ್ನು ತಿದ್ದುವ ದಾರಿ ಹೊರಗಿನವರಿಗಿಲ್ಲ. ಆಂಬರನ್ನು ಬಲ್ಲವರು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ತಿದ್ದಬಹುದು.