ನೋವು ಬೇಡುವ ತಾಳ್ಮೆ

ನಮ್ಮಲ್ಲಿ ನೋವು ನುಂಗಿಕೊಂಡವರಿಗೆ ದೊಡ್ಡ ಹೆಸರು. ‘ಒಂದು ದಿನವೂ ಅವಳ ಬಾಯಿಂದ ಅಯ್ಯೋ ಅಂತ ಬರಲಿಲ್ಲ’ ಎಂದು ತೀರಿಹೋದವರನ್ನು ಹೊಗಳುತ್ತೇವೆ. ತಾಳಿದವನು ಬಾಳಿಯಾನು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಬಡತನ, ಅಗಲಿಕೆ, ಅವಮಾನಗಳ ಎದುರು ಈ ಮಾತಿಗೆ ಬೆಲೆಯಿದೆ. ಆದರೆ ವರ್ಷಗಟ್ಟಲೆ ಮೈಗೆ ಅಂಟಿಕೊಂಡ ನೋವಿನ ವಿಷಯದಲ್ಲಿ ಈ ಹೊಗಳಿಕೆಯನ್ನು ನಾನು ಒಪ್ಪಲಾರೆ. ಹಲ್ಲು ಕಚ್ಚಿ ಸುಮ್ಮನಿರುವುದು ಒಂದು ಬಗೆ. ನೋವಿನ ಸ್ವಭಾವ ತಿಳಿದು, ದಿನವೂ ಸ್ವಲ್ಪಸ್ವಲ್ಪವಾಗಿ ಆರೈಕೆ ಮಾಡಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದನ್ನು ಮೆರೆಸುತ್ತ ಬಂದ ನಾವು ಎರಡನೆಯದಕ್ಕೆ ಮನೆಯಲ್ಲಿ ಜಾಗವನ್ನೇ ಮಾಡಿಕೊಡಲಿಲ್ಲ.

ನನ್ನ ನೋವು ಸೊಂಟದ ಹೊರಬದಿಯದು. ತೊಡೆಯ ಮೇಲ್ತುದಿಯಲ್ಲಿ, ಪಕ್ಕಕ್ಕೆ ಕೈಯಿಟ್ಟರೆ ಎಲುಬಿನ ಗಟ್ಟಿ ಉಬ್ಬೊಂದು ಸಿಗುತ್ತದೆ. ಪೃಷ್ಠದ ಎರಡು ಸ್ನಾಯುಗಳು, ಗ್ಲೂಟಿಯಸ್ ಮೀಡಿಯಸ್ ಮತ್ತು ಗ್ಲೂಟಿಯಸ್ ಮಿನಿಮಸ್, ತಮ್ಮ ಸ್ನಾಯುರಜ್ಜುಗಳಿಂದ ಬಂದು ಕಚ್ಚಿಕೊಳ್ಳುವುದು ಅಲ್ಲಿಗೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಗಳಿಗೆ ಇಡೀ ದೇಹ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಆಗ ಸೊಂಟ ಮತ್ತೊಂದು ಬದಿಗೆ ಕುಸಿಯದಂತೆ ಹಿಡಿದುಕೊಳ್ಳುವ ಕೆಲಸ ಇವುಗಳದ್ದು. ಆ ರಜ್ಜು ಸವೆದು ಬಲ ಕಳೆದುಕೊಂಡಾಗ ಶುರುವಾಗುವ ಈ ನೋವು ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಅಲ್ಲಿನ ನೀರಿನ ಚೀಲ ಊದಿಕೊಂಡಿದೆ, ಇದು ಬರ್ಸೈಟಿಸ್ ಎಂದು ವೈದ್ಯರು ಬಹುಕಾಲ ಹೇಳುತ್ತಿದ್ದರು. ಸ್ಕ್ಯಾನುಗಳು ಬಂದ ಮೇಲೆ, ಬಹುಪಾಲು ಜನರಲ್ಲಿ ತೊಂದರೆಯಿರುವುದು ರಜ್ಜುವಿನಲ್ಲೇ ಎಂಬುದು ಸ್ಪಷ್ಟವಾಯಿತು. ಮನೆಯವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ‘ವಾಯು ಇರಬೇಕು’, ‘ನರ ಹಿಡಿದಿರಬೇಕು’, ಇಲ್ಲವೇ ‘ವಯಸ್ಸಾಯ್ತಲ್ಲ’.

ಈ ನೋವಿಗೆ ಹಗಲಿಗಿಂತ ರಾತ್ರಿ ಜೋರು. ಆ ಮಗ್ಗುಲಿಗೆ ಮಲಗಿದರೆ ಮೈಭಾರವೆಲ್ಲ ಉಬ್ಬಿನ ಮೇಲೆ ಬಿದ್ದು ಎಚ್ಚರವಾಗುತ್ತದೆ. ಸರಿ, ಈ ಮಗ್ಗುಲಿಗೆ ಹೊರಳೋಣವೆಂದರೆ ಮೇಲಿರುವ ನೋವಿನ ಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ಬೀಳುತ್ತದೆ. ಆಗ ರಜ್ಜು ಎಲುಬಿಗೆ ಒತ್ತಿಕೊಂಡು ಮತ್ತೆ ಅದೇ ಜಾಗ ಉರಿಯುತ್ತದೆ. ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ಮಾತ್ರ ಒಂದಿಷ್ಟು ಹೊತ್ತು ಕಣ್ಣು ಹತ್ತುತ್ತದೆ. ಬೆಳಗಾದ ಮೇಲೆ ಬಸ್ಸಿನ ಎತ್ತರದ ಮೆಟ್ಟಿಲಿಗೆ ಆ ಕಾಲನ್ನು ಮೊದಲು ಇಡಬೇಕಾಗಿ ಬಂದರೆ ಕಂಬಿ ಹಿಡಿದ ಕೈಗೇ ಅರ್ಧ ಭಾರ. ಹಿಂದೆ ನಿಂತವರಿಗೆ ಇದೊಂದೂ ಕಾಣುವುದಿಲ್ಲ. ಪ್ಲಾಸ್ಟರ್ ಇಲ್ಲ, ಬಾವಿಲ್ಲ, ಎಕ್ಸ್‌ರೇಯಲ್ಲೂ ಎಲುಬು ಸರಿಯಾಗಿಯೇ ಇದೆ.

ಕಾಣದ ನೋವನ್ನು ನಂಬುವುದು ಹೇಗೆ? ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 1979ರಲ್ಲಿ ನೋವಿಗೊಂದು ವ್ಯಾಖ್ಯೆ ಕೊಟ್ಟಿತ್ತು. 2020ರಲ್ಲಿ ಅದನ್ನು ತಿದ್ದಿದಾಗ ಜೊತೆಗೆ ಕೆಲವು ಟಿಪ್ಪಣಿಗಳನ್ನು ಸೇರಿಸಿತು. ತನಗೆ ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬುದು ಅವುಗಳಲ್ಲೊಂದು. ಅಳೆದು ತೂಗಿ ಮಾತಾಡುವ ವಿಜ್ಞಾನಿಗಳೇ ಕೊನೆಗೆ ಬಂದು ನಿಂತದ್ದು, ಒಬ್ಬರ ಮಾತನ್ನು ಇನ್ನೊಬ್ಬರು ನಂಬಬೇಕೆಂಬ ಕಡೆಗೆ. ಹಾಗೆ ನಂಬಲು ಆಸ್ಪತ್ರೆ ಬೇಕಿಲ್ಲ, ಮನೆಯೇ ಸಾಕು. ಆದರೆ ನಂಬುವವರಿಗೆ ನಂಬಲು ಏನಾದರೂ ಸಿಗಬೇಕಾದರೆ ನೋಯುವವರು ಬಾಯಿ ಬಿಡಬೇಕು.

ಹಾಗೆ ಬಾಯಿ ಬಿಡುವುದು ದುರ್ಬಲರ ಲಕ್ಷಣವೆಂದು ಅಂಜುವವರಿಗೆ ನಾನು ಬೌದ್ಧ ಗ್ರಂಥ ಮಜ್ಝಿಮ ನಿಕಾಯದ ಸೇಖ ಸುತ್ತವನ್ನು ನೆನಪಿಸುತ್ತೇನೆ. ಕಪಿಲವಸ್ತುವಿನ ಶಾಕ್ಯರು ಹೊಸ ಸಭಾಭವನ ಕಟ್ಟಿಸಿ ಬುದ್ಧನನ್ನು ಕರೆದಿದ್ದರು. ಬುದ್ಧ ರಾತ್ರಿ ಬಹಳ ಹೊತ್ತಿನವರೆಗೂ ಉಪದೇಶ ಮಾಡಿದ. ಆಮೇಲೆ ಶಿಷ್ಯ ಆನಂದನನ್ನು ಕರೆದು, ನನ್ನ ಬೆನ್ನು ನೋಯುತ್ತಿದೆ, ಇನ್ನು ಮುಂದಿನದನ್ನು ನೀನು ಹೇಳು, ನಾನು ಒರಗಿಕೊಳ್ಳುತ್ತೇನೆ ಎಂದ. ಮೇಲುವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಬಲಮಗ್ಗುಲಿಗೆ ಮಲಗಿದ. ದುಃಖದ ಮೂಲವನ್ನೇ ಕಂಡವನೆಂದು ಜಗತ್ತು ನಂಬಿದ ವ್ಯಕ್ತಿ, ತನ್ನದೇ ಊರಿನವರು ತುಂಬಿದ ಸಭೆಯಲ್ಲಿ, ಬೆನ್ನುನೋವನ್ನು ಬೆನ್ನುನೋವೆಂದೇ ಹೇಳಿದ. ನೋವನ್ನು ಗೆದ್ದವನಂತೆ ತೋರಿಸಿಕೊಳ್ಳಲಿಲ್ಲ. ಅವನು ಮಲಗಿದನೆಂದು ಉಪದೇಶವೂ ನಿಲ್ಲಲಿಲ್ಲ, ಆನಂದ ಮುಂದುವರಿಸಿದ. ಆ ಪ್ರಸಂಗದಲ್ಲಿ ನನಗೆ ಬಹಳ ಹಿಡಿಸುವುದು ಈ ಕೊನೆಯ ಸಂಗತಿ. ನೋಯುವವರು ಹೇಳಬೇಕು, ಹತ್ತಿರದವರು ಕೆಲಸಕ್ಕೆ ಹೆಗಲು ಕೊಡಬೇಕು.

ಹೇಳಿಕೊಂಡ ಮೇಲೆ ಉಳಿಯುವುದು ಉಪಶಮನದ ದಾರಿ. ಈ ರಜ್ಜುವಿನ ಸ್ವಭಾವ ಕಷ್ಟದ್ದು. ಅದಕ್ಕೆ ರಕ್ತಸಂಚಾರ ಕಡಿಮೆ, ಬದಲಾವಣೆ ನಿಧಾನ. ಪೂರ್ತಿ ವಿಶ್ರಾಂತಿ ಕೊಟ್ಟರೆ ಇನ್ನಷ್ಟು ಬಲಗುಂದುತ್ತದೆ, ಮಿತಿಮೀರಿ ದುಡಿಸಿದರೆ ಕೆರಳುತ್ತದೆ. ನೋವಿದ್ದ ಕಡೆ ಚೆನ್ನಾಗಿ ಎಳೆದು ಸಡಿಲಿಸಬೇಕೆಂದು ಹೇಳುವವರಿದ್ದಾರೆ. ಹಾಗೆ ಕಾಲನ್ನು ಅಡ್ಡಕ್ಕೆ ಎಳೆದಾಗ ರಜ್ಜು ಎಲುಬಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಅಳತೆಯ ಭಾರ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವಂಥ ಸಣ್ಣ ವ್ಯಾಯಾಮಗಳು, ವಾರದಿಂದ ವಾರಕ್ಕೆ ಒಂದಿಷ್ಟು ಹೆಚ್ಚಿಸುತ್ತ. ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಹಿಂದಿನ ದಿನದ ಭಾರ ಜಾಸ್ತಿಯಾಯಿತೆಂದು ತಿಳಿದು ಇಳಿಸಿಕೊಳ್ಳಬೇಕು.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಈ ನೋವಿದ್ದ 204 ಜನರಲ್ಲಿ ಒಂದು ಗುಂಪಿಗೆ ತಿಳಿವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಮೂರನೆಯದಕ್ಕೆ ಕಾದುನೋಡುವ ಸಲಹೆ. 8 ವಾರಗಳಲ್ಲಿ ತಾವು ಸುಧಾರಿಸಿದ್ದೇವೆ ಎಂದವರು ನೂರಕ್ಕೆ ಸುಮಾರು 77, 58 ಮತ್ತು 29. ವರ್ಷದ ಕೊನೆಗೆ ನೋವಿನ ತೀವ್ರತೆಯನ್ನಷ್ಟೇ ಕೇಳಿದಾಗ ವ್ಯಾಯಾಮದವರಿಗೂ ಇಂಜೆಕ್ಷನ್ ಪಡೆದವರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೂ ಒಟ್ಟಾರೆ ಸುಧಾರಿಸಿದ್ದೇವೆ ಎಂದವರು ವ್ಯಾಯಾಮದ ಗುಂಪಿನಲ್ಲೇ ಹೆಚ್ಚಿದ್ದರು. ಇದಕ್ಕೆ ನಾನು ಕಂಡುಕೊಂಡ ಅರ್ಥ ಇಷ್ಟು: ತನ್ನ ಮೈಯ ಸಂಗತಿ ತನಗೆ ತಿಳಿದಿದೆ, ತನ್ನ ಕೈಲಿ ಮಾಡುವಂಥದ್ದು ಏನೋ ಇದೆ ಎಂಬ ಧೈರ್ಯವೂ ಉಪಶಮನದ ಒಂದು ಪಾಲು.

ಆ ಧೈರ್ಯ ಬೇರೂರಲು ಹೊತ್ತು ಬೇಕು. ಈ ವಾರ ಎಣ್ಣೆ, ಮುಂದಿನ ವಾರ ಮುಲಾಮು, ಅದರಾಚೆಗೆ ಯಾರೋ ಹೇಳಿದ ಪಟ್ಟು ಎಂದು ಅಲೆಯುವವರ ಸಂಕಟ ನನಗೆ ಗೊತ್ತು. ಹೆಪ್ಪಿಟ್ಟ ಹಾಲನ್ನು ಗಳಿಗೆಗೊಮ್ಮೆ ಅಲುಗಾಡಿಸಿದರೆ ಅದು ಮೊಸರಾಗುವುದಿಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ತಿಂಗಳುಗಟ್ಟಲೆ ಬಿಡದೆ ಮಾಡುವುದರಲ್ಲಿ ತೋರಿಸಿಕೊಳ್ಳುವಂಥ ಶೌರ್ಯವಿಲ್ಲ, ಹೊಗಳುವವರೂ ಇಲ್ಲ. ನಾನು ತಾಳ್ಮೆ ಎಂದು ಕೈಮುಗಿಯುವುದು ಅದಕ್ಕೆ.

ಇದು ಒಬ್ಬರಿಂದಲೇ ಆಗುವ ಕೆಲಸವೂ ಅಲ್ಲ. ಮಗುವನ್ನೋ ನೀರಿನ ಕೊಡವನ್ನೋ ಸೊಂಟಕ್ಕೇರಿಸಿ ಒಂದು ಬದಿಗೆ ವಾಲಿ ನಿಲ್ಲುವ ಭಂಗಿ, ಒಲೆಯ ಮುಂದೆ ಗಂಟೆಗಟ್ಟಲೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅಭ್ಯಾಸ, ಎರಡೂ ಈ ರಜ್ಜುವನ್ನು ಹಿಂಡುವಂಥವು. ಎರಡು ಕಾಲಿನ ಮೇಲೂ ಸಮನಾಗಿ ನಿಲ್ಲು ಎಂದು ಬುದ್ಧಿ ಹೇಳುವುದು ಸುಲಭ. ಆ ಕೊಡವನ್ನು ಇಳಿಸಿಕೊಳ್ಳುವವರು, ಆ ಒಲೆಯ ಮುಂದೆ ಅರ್ಧ ಗಂಟೆ ನಿಲ್ಲುವವರು ಬೇಕು. ಬೆಳಗಿನ ಕಾಫಿ, ತಿಂಡಿ, ಡಬ್ಬಿಗಳ ನಡುವೆ ನೋಯುವವಳು ಚಾಪೆ ಹಾಸಿ ಮಲಗಿ ವ್ಯಾಯಾಮ ಮಾಡುವ ಹೊತ್ತನ್ನು ಉಳಿದವರು ಕಾಯಬೇಕು. ಮುಂದೆ ಯಾರನ್ನಾದರೂ ‘ಎಷ್ಟು ನೋವಿದ್ದರೂ ಹೇಳಿಕೊಳ್ಳುವವಳಲ್ಲ’ ಎಂದು ಹೊಗಳುವ ಮೊದಲು, ಹೇಳಿದ್ದರೆ ನಾವು ಏನು ಮಾಡುತ್ತಿದ್ದೆವು ಎಂದು ನಮ್ಮನ್ನು ನಾವು ಕೇಳಿಕೊಳ್ಳೋಣ. ಆ ಪ್ರಶ್ನೆಗೆ ಒಳ್ಳೆಯ ಉತ್ತರವಿರುವ ಮನೆಯಲ್ಲಿ ಯಾರೂ ನೋವು ನುಂಗಿಕೊಂಡು ಹೆಸರು ಪಡೆಯಬೇಕಾಗಿಲ್ಲ.