ನೊರೆ ಯಾರದು?

ಶಹಾಬಾದಿ ಫರಸಿಯ ಮೇಲೆ ಆಸಿಡ್ ಸುರಿದರೆ ಬುಸುಬುಸು ನೊರೆ ಏಳುತ್ತದೆ. ಸುತ್ತ ನಿಂತವರಿಗೆ ಖುಷಿಯೋ ಖುಷಿ. ಹೊಲಸೆಲ್ಲ ಕುದ್ದು ಹೊರಗೆ ಬರುತ್ತಿದೆ ಎಂದು ಅವರ ಎಣಿಕೆ. ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಆ ಖುಷಿಯಲ್ಲಿ ಪಾಲು ಸಿಗುವುದಿಲ್ಲ. ಕುದಿಯುತ್ತಿರುವುದು ಹೊಲಸಲ್ಲ, ಕಲ್ಲು. ನಮ್ಮ ಫರಸಿ ಸುಣ್ಣದ ಕಲ್ಲು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ಆಮ್ಲ ತಾಗಿದೊಡನೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರಗುತ್ತದೆ. ಕಲೆಯೇನೋ ಹೋಗುತ್ತದೆ, ತಾನು ಕೂತಿದ್ದ ಮೈಯನ್ನೂ ಕರೆದುಕೊಂಡು ಹೋಗುತ್ತದೆ. ಉಳಿದ ಒರಟು ಮೈಗೆ ಮುಂದಿನ ಕೊಳೆ ಮೊದಲಿಗಿಂತ ಬೇಗ ಹತ್ತುತ್ತದೆ.

ಧರ್ಮಗಳು ಶುದ್ಧಿ, ಶುದ್ಧಿ ಎನ್ನುವಾಗ ನನಗೆ ಈ ನೊರೆಯದೇ ಅನುಮಾನ. ಸಿಟ್ಟನ್ನು ಒಂದೇ ಏಟಿಗೆ ಸುಟ್ಟುಬಿಡುತ್ತೇನೆಂದು ವ್ರತ ಹಿಡಿದವರನ್ನು ಕಂಡಿದ್ದೇನೆ. ಕೆಲವರಲ್ಲಿ ಸಿಟ್ಟಿನ ಜೊತೆ ನಗುವೂ ಹೋಗಿಬಿಟ್ಟಿರುತ್ತದೆ. ಹತ್ತಿದ ಮಲ ಯಾವುದು, ಹತ್ತಿಸಿಕೊಂಡ ಜೀವ ಯಾವುದು ಎಂದು ತಿಕ್ಕುವ ಮೊದಲೇ ಗೊತ್ತಾಗಬೇಕಲ್ಲ?

ನಮ್ಮದು ಲಿಂಗಾಯತರ ಮನೆ. ಆಣವ, ಮಾಯಾ, ಕಾರ್ಮಿಕ ಎಂದು ಮಲ ಮೂರು, ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಗುರು ಅವನ್ನು ಕಳೆಯುತ್ತಾನೆ ಎಂದು ಚಿಕ್ಕಂದಿನಲ್ಲೇ ಕೇಳಿದ್ದೆ. ಎದುರು ಮನೆಯ ಜೈನ ಆಯಿ ಇದನ್ನು ಒಪ್ಪುವುದಿಲ್ಲ. ಹತ್ತಿಸಿಕೊಂಡವರೇ ಕಳೆದುಕೊಳ್ಳಬೇಕು, ತೀರ್ಥಂಕರರು ದಾರಿ ತೋರಿಸುತ್ತಾರೆಯೇ ಹೊರತು ನಮ್ಮ ಪರವಾಗಿ ಕಸಬರಿಗೆ ಹಿಡಿಯುವುದಿಲ್ಲ ಎಂಬುದು ಅವರ ಮಾತು. ಗುರುವಿನ ಕೈಯನ್ನು ನಾನು ಬಿಟ್ಟುಕೊಡಲಾರೆ. ಆದರೂ ರಸಾಯನ ಕಲಿಸಿದವಳಿಗೆ ಜೈನರ ಕರ್ಮಸಿದ್ಧಾಂತ ಹಿಡಿಸಿಬಿಡುತ್ತದೆ, ಏಕೆಂದರೆ ಅಲ್ಲಿ ಕರ್ಮವೆಂದರೆ ವಸ್ತು. ಅತಿ ಸೂಕ್ಷ್ಮ ಪುದ್ಗಲ. ಮನಸ್ಸು, ಮಾತು, ಮೈ ಅಲುಗಿದಾಗಲೆಲ್ಲ ಅದು ಜೀವದ ಕಡೆಗೆ ಹರಿದು ಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳ ಅಂಟಿದ್ದರೆ ಕೂತುಬಿಡುತ್ತದೆ, ಇಲ್ಲದಿದ್ದರೆ ನಿಲ್ಲುವುದಿಲ್ಲ. ಈ ಅಂಟನ್ನೇ ವಿಚಾರಿಸುವ ಕಷಾಯಪಾಹುಡಕ್ಕೆ ವೀರಸೇನರು 20,000 ಶ್ಲೋಕಗಳಷ್ಟು ಟೀಕೆ ಬರೆದು ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನೂ 40,000 ಸೇರಿಸಿ ಕ್ರಿ.ಶ. 837ರಲ್ಲಿ ಮುಗಿಸಿದರು. ಅದೇ ಜಯಧವಲಾ. ಅಂಟು ಬಿಡಿಸುವುದು ಒಂದು ತಾಸಿನ ಕೆಲಸವಾಗಿದ್ದರೆ ಇಷ್ಟು ಬರೆಯುತ್ತಿದ್ದರೇ? ಜಿನಸೇನರು ಅಮೋಘವರ್ಷ ನೃಪತುಂಗನ ಗುರು. ಅವನ ರಾಜಧಾನಿ ಮಳಖೇಡ ನಮ್ಮ ಸೇಡಂ ತಾಲ್ಲೂಕಿನದೇ, ಇದೇ ಸುಣ್ಣದ ಕಲ್ಲಿನ ಸೀಮೆ. ಈಗ ಅತ್ತ ಹೋದವರಿಗೆ ಕಣ್ಣಿಗೆ ಬೀಳುವುದು ಬಸದಿಗಿಂತ ಮೊದಲು ಸಿಮೆಂಟ್ ಕಾರ್ಖಾನೆ.

ಮಗನ ಮದುವೆ ಗೊತ್ತಾದಾಗ ನಮ್ಮ ಅಂಗಳದ ಫರಸಿ ನೋಡಲು ಬಂದ ಮೇಸ್ತ್ರಿಯದೂ ಒಂದೇ ಏಟಿನ ಮಾತು: "ಬಾಯಾರ, ಆಸಿಡ್ ಹೊಡದ್ರ ಒಂದೇ ತಾಸಿನಾಗ ಹೊಸಾ ಫರಸಿ ಆಗ್ತಾವ್." ಚಹಾ ಕುಡಿಸಿ ಕಳಿಸಿದೆ. ಬಚ್ಚಲ ಗೋಡೆಯ ಪಕ್ಕ ಹಸಿರು ಪಾಚಿ, ನಡುವೆ ಎಣ್ಣೆ ಕಲೆ, ತುಳಸಿಕಟ್ಟೆಯ ಹತ್ತಿರ ಕಂದು ಬಣ್ಣದ ಮಚ್ಚೆ. ಪಾಚಿಗೆ ಬ್ಲೀಚಿಂಗ್ ಪುಡಿ ಹಾಕೋಣವೆಂದಿದ್ದೆ. ಆಯಿಗೆ ಅದು ಕೇಳಲಾಗಲಿಲ್ಲ. ಪಾಚಿಯೆಂದರೆ ಅವರಿಗೆ ಕಲೆಯಲ್ಲ, ಒಂದೇ ಮೈಯಲ್ಲಿ ಎಣಿಕೆಗೆ ಸಿಗದಷ್ಟು ನಿಗೋದ ಜೀವಗಳು. ಹಾಗಿದ್ದರೆ ಜನ ಜಾರಿ ಬೀಳಲೇ ಎಂದೆ. "ನೀರು ನಿಲ್ಲಗೊಡಬ್ಯಾಡ್ರಿ. ಹುಟ್ಟಲಾರದ್ದನ್ನ ಕೊಲ್ಲೂ ಮಾತೇ ಇಲ್ಲ," ಎಂದರು.

ತತ್ತ್ವಾರ್ಥಸೂತ್ರದ ಏಳು ತತ್ತ್ವಗಳಲ್ಲಿ ಸಂವರ ಮೊದಲು, ನಿರ್ಜರೆ ಆಮೇಲೆ. ಬರುವುದನ್ನು ತಡೆ, ಬಂದದ್ದನ್ನು ಆಮೇಲೆ ಉದುರಿಸು. ಈ ಕ್ರಮ ಎಷ್ಟು ವ್ಯಾವಹಾರಿಕವೆಂದು ನನಗೆ ತಿಳಿದದ್ದು ಬಚ್ಚಲ ಮೋರಿಯ ಹತ್ತಿರ ನಾಲ್ಕು ಫರಸಿ ಎತ್ತಿ ಇಳಿಜಾರು ಸರಿಮಾಡಿಸಿದ ಮೇಲೆ. ಜಾಗ ಒಣಗಿತು, ಪಾಚಿ ಕಪ್ಪಾಗಿ ಹೊಟ್ಟಿನಂತೆ ಎದ್ದಿತು, ಬರಿ ಕಸಬರಿಗೆ ಸಾಕಾಯಿತು. ಒಣಗಿಸಿ ಕೊಂದದ್ದೂ ಕೊಲೆಯೇ ಅಲ್ಲವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಆಯಿಗೆ ಉತ್ತರ ಗೊತ್ತಿತ್ತೆಂದೇ ನನ್ನ ನಂಬಿಕೆ.

ನಿರ್ಜರೆಯಲ್ಲೂ ಎರಡು ಬಗೆ. ಕಾಲ ಬಂದಾಗ ತಾನೇ ಹಣ್ಣಾಗಿ ಉದುರುವುದು ಒಂದು, ತಪಸ್ಸಿನಿಂದ ಕಾಲಕ್ಕೆ ಮುಂಚೆ ಉದುರಿಸುವುದು ಇನ್ನೊಂದು. ಮದುವೆಯ ಸುರಗಿಯಲ್ಲಿ ಅಂಗಳದ ತುಂಬ ಅರಿಷಿಣ ಚೆಲ್ಲಿತು. ಕೆಲಸದಾಕೆ ಅದಕ್ಕೆ ಬಟ್ಟೆ ಸೋಡಾ ಹಚ್ಚಿ ತಿಕ್ಕಿದಳು, ಹಳದಿ ಹೋಗಿ ರಕ್ತಗೆಂಪು ಬಂತು. ಕ್ಷಾರ ತಾಗಿದ ಅರಿಷಿಣ ಹಾಗೆಯೇ, ಕುಂಕುಮ ಹುಟ್ಟುವುದೂ ಆ ಗುಣದಿಂದಲೇ. ಮುಟ್ಟಬೇಡ, ಬಿಸಿಲಿಗೆ ಬಿಡು ಎಂದೆ. ಅರಿಷಿಣದ ಬಣ್ಣ ಬಿಸಿಲಿಗೆ ತಾಳುವುದಿಲ್ಲ, ಕಲಬುರಗಿಯ ಬಿಸಿಲಿಗಂತೂ ಮೊದಲೇ ಇಲ್ಲ. ಎಣ್ಣೆಗೆ ಮಾತ್ರ ಈ ತಾಳ್ಮೆ ಸಾಲದು. ಅದು ಕಲ್ಲಿನ ರಂಧ್ರಗಳಿಗೆ ಇಳಿದಿರುತ್ತದೆ, ಮೇಲೆ ಎಷ್ಟು ತಿಕ್ಕಿದರೂ ಕೈ ನೋವಷ್ಟೇ. ಮುಲ್ತಾನಿ ಮಿಟ್ಟಿಯನ್ನು ಅಸಿಟೋನಿನಲ್ಲಿ ಗಟ್ಟಿಯಾಗಿ ಕಲಸಿ, ಬೆಂಕಿಯಿಂದ ದೂರ, ಕಲೆಯ ಮೇಲೆ ಅರ್ಧ ಇಂಚು ದಪ್ಪ ಮೆತ್ತಬೇಕು. ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟು, ಆಮೇಲೆ ಹಾಳೆ ತೆಗೆದು ಒಣಗಲು ಬಿಡಬೇಕು. ಒಣಗುವ ಮಣ್ಣು ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆಗೆ ಮುಗಿಯದು, ಮತ್ತೆ ಮತ್ತೆ ಮೆತ್ತಬೇಕು. ನೊರೆ ಇಲ್ಲ, ಸದ್ದಿಲ್ಲ, ನೋಡಲು ಜನವೂ ಸೇರುವುದಿಲ್ಲ.

ಆ ಕಂದು ಮಚ್ಚೆ ಯಾವುದಕ್ಕೂ ಜಗ್ಗಲಿಲ್ಲ. ಜಗ್ಗುವುದೂ ಇಲ್ಲ. ಅದು ಹೊರಗಿನಿಂದ ಹತ್ತಿದ್ದಲ್ಲ, ಕಲ್ಲಿನೊಳಗಿನದೇ ಕಬ್ಬಿಣದ ಅಂಶ ಗಾಳಿ ನೀರಿಗೆ ತುಕ್ಕಾದದ್ದು. ಇನ್ನೂ ಮುಂದೆ ಹೋದರೆ, ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಬಿಳಿಯಲ್ಲದೆ ಬೇರೆ ಬಣ್ಣವೇ ಇಲ್ಲ. ಫರಸಿಯ ಬೂದು, ನಸುಗೆಂಪು ಎಲ್ಲವೂ ಬೆರಕೆಯ ಕೊಡುಗೆ. ಮಲವನ್ನೆಲ್ಲ ತೆಗೆದರೆ ಶಹಾಬಾದಿ ಕಲ್ಲೇ ಉಳಿಯದು. ಇದನ್ನು ಗೆದ್ದ ಹುಮ್ಮಸ್ಸಿನಲ್ಲಿ ಆಯಿಗೆ ಹೇಳಿದೆ. ಅವರು ಜೀವಕ್ಕೆ ಹತ್ತುವ ಬಣ್ಣಗಳಾದ ಲೇಶ್ಯೆಗಳನ್ನು ಎಣಿಸಿದರು: ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ. ಬಿಳಿಯೂ ಒಂದು ಬಣ್ಣವೇ, ಸಿದ್ಧರಿಗೆ ಅದೂ ಇಲ್ಲ ಎಂದರು. ತರ್ಕಕ್ಕೆ ಉತ್ತರವಾಯಿತು, ನನ್ನ ಮನಸ್ಸಿಗೆ ಆಗಲಿಲ್ಲ. ಬಣ್ಣವೇ ಇಲ್ಲದ ಆ ಸ್ಥಿತಿಯಲ್ಲಿ ಆಯಿಯನ್ನು ಆಯಿ ಎಂದು ಗುರುತು ಹಿಡಿಯುವುದು ಹೇಗೆ? ಗುರುತು ಬೇಕೆನ್ನುವುದೇ ಅಂಟು ಎಂದು ಜಿನಸೇನರು ಹೇಳಿಯಾರು. ಇರಲಿ, ಮಚ್ಚೆಯನ್ನು ಹಾಗೇ ಬಿಟ್ಟಿದ್ದೇನೆ.

ನಡುವಿನ ಎಣ್ಣೆ ಕಲೆ ಮಾತ್ರ ಕಾರ್ತೀಕದ ಹಣತೆಗಳದ್ದು, ನಮ್ಮತ್ತೆಯವರ ಕಾಲದಿಂದ ಬಂದದ್ದು. ದೇವರಿಗಾಗಿ ಬಿದ್ದ ಎಣ್ಣೆಗೂ ಮಣ್ಣು ಮೆತ್ತಬೇಕೇ ಎಂದು ಗಂಡ ಕೇಳಿದರು. ಪುಣ್ಯವೂ ಹರಿದು ಬಂದು ಕಟ್ಟಿಹಾಕುವ ಕರ್ಮವೇ ಎಂದು ಆಯಿಯಿಂದ ಕಲಿತದ್ದನ್ನು ಒಪ್ಪಿಸಿ ಮೆತ್ತಿದೆ. ಈ ಸಲ ಹಣತೆಯ ಕೆಳಗೆ ಹಿತ್ತಾಳೆ ತಾಟು ಇಟ್ಟು, ಸಂವರವೆಂದರೆ ಇದೇ ಅಲ್ಲವೇ ಎಂದು ಆಯಿಯನ್ನು ಕರೆದು ತೋರಿಸಿದೆ. ಕತ್ತಲಾದ ಮೇಲೆ ಅವರು ಉಣ್ಣುವುದಿಲ್ಲ, ದೀಪವನ್ನೂ ಆದಷ್ಟು ಹಚ್ಚುವುದಿಲ್ಲ. ತಾಟನ್ನು ಬಗ್ಗಿ ನೋಡಿ ಹೇಳಿದರು: "ಫರಸಿ ಉಳೀತು, ಚಲೋ ಆತು. ದೀಪಕ್ಕ ಬಂದು ಬೀಳೂ ಹುಳಕ್ಕ ಏನ್ ಮಾಡ್ತೀರಿ, ಬಾಯಾರ?"